ಸುರುಳಿಯಲ್ಲಿ ಉಳಿದುದು, ಒರತೆಯೊಡನೆ ಬತ್ತಿದುದು

ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸಹೊರಟ ವಿದ್ವಾಂಸರು ಒಂದೇ ಓಲೆಪ್ರತಿಯನ್ನು ನಂಬಿ ಕೂಡುವುದಿಲ್ಲ. ದೊರೆತ ಪ್ರತಿಗಳನ್ನೆಲ್ಲ ಎದುರಿಗಿಟ್ಟುಕೊಂಡು, ಯಾವ ಲಿಪಿಕಾರನು ಎಲ್ಲಿ ತಿದ್ದಿದನು, ಯಾವ ತಿದ್ದುಪಾಟು ಯಾವುದಕ್ಕಿಂತ ಹಿಂದಿನದು ಎಂಬುದನ್ನು ನಿಷ್ಕರ್ಷಿಸಿದ ಮೇಲೆಯೇ ಪಾಠವನ್ನು ನಿರ್ಣಯಿಸುತ್ತಾರೆ. ಗಣಕಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಎಂಬ ಮೂಲತಂತ್ರಾಂಶವೂ ಇಂಥದೇ ಒಂದು ಪಠ್ಯ. ಅದು ಒಮ್ಮೆ ಅಚ್ಚಾಗಿ ಮುಗಿದ ಗ್ರಂಥವಲ್ಲ. ದೋಷ ಕಂಡಂತೆಲ್ಲ ತೇಪೆ ಹಾಕಿಸಿಕೊಳ್ಳುತ್ತ ವರ್ಷಾನುಗಟ್ಟಲೆ ಬೆಳೆದುಬಂದ ಕೃತಿ. ಆದುದರಿಂದ ಬಳಕೆ ತಪ್ಪಿದ ವ್ಯವಸ್ಥೆಯೊಂದನ್ನು ಉಳಿಸುವುದೆಂದರೆ ಅದರ ಮೊದಲ ಪ್ರತಿಯೊಡನೆ ಪರಿಷ್ಕರಣಗಳ ಪರಂಪರೆಯನ್ನೂ ಉಳಿಸುವುದೆಂದೇ ಅರ್ಥ. ಈ ಅರ್ಥವು ಸಂರಕ್ಷಕರಿಗೆ ಪೂರ್ಣವಾಗಿ ಮನದಟ್ಟಾಗಲು ಬಹಳ ಕಾಲ ಹಿಡಿಯಿತು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರ ಕೈಯಲ್ಲಿ ಹುಟ್ಟಿದ ಯೂನಿಕ್ಸ್ ವ್ಯವಸ್ಥೆಯ ಭಾಗ್ಯವು ಈ ದೃಷ್ಟಿಯಿಂದ ವಿಲಕ್ಷಣವಾದುದು. 1956ರ ನ್ಯಾಯಾಲಯದ ಒಡಂಬಡಿಕೆಯೊಂದು ಪ್ರಯೋಗಾಲಯದ ಒಡೆಯನಾದ ದೂರವಾಣಿ ಸಂಸ್ಥೆಗೆ ಗಣಕದ ವ್ಯಾಪಾರವನ್ನು ನಿರ್ಬಂಧಿಸಿದ್ದುದರಿಂದ, ಆ ಸಂಸ್ಥೆಯು ಯೂನಿಕ್ಸನ್ನು ಅದರ ಮೂಲಸಂಕೇತದೊಡನೆಯೇ ಕಾಂತಸುರುಳಿಗಳಲ್ಲಿ ತುಂಬಿ ವಿಶ್ವವಿದ್ಯಾನಿಲಯಗಳಿಗೆ ಕೊಟ್ಟಿತಾದರೂ, ದೋಷ ಕಂಡರೆ ತಿದ್ದಿಕೊಡುವ ಹೊಣೆಯನ್ನು ಹೊರಲಿಲ್ಲ. ಹಾಗಾಗಿ ತಿದ್ದುವ ಕೆಲಸ ಬಳಕೆದಾರರ ಪಾಲಿಗೆ ಬಂದಿತು. ಒಬ್ಬರು ಹಾಕಿದ ತೇಪೆಯನ್ನು ಇನ್ನೊಬ್ಬರು ಪಡೆದು, ತಮ್ಮದನ್ನೂ ಸೇರಿಸಿ ಮುಂದಿನವರಿಗೆ ಕಳುಹುತ್ತಿದ್ದರು. ಆ ದಿನಗಳಲ್ಲಿ ಇದು ಅನಾನುಕೂಲವೆಂದೇ ತೋರಿದ್ದಿರಬೇಕು. ಆದರೆ ಒಂದೇ ತಿದ್ದುಪಡಿಯು ಹಲವು ಊರುಗಳ ಬೀರುಗಳಲ್ಲಿ ಸೇರಿಹೋದುದರಿಂದಲೇ ಅದು ಮುಂದಿನ ತಲೆಮಾರಿಗೆ ಉಳಿಯಿತೆಂದು ನಾನು ಭಾವಿಸುತ್ತೇನೆ.

ಆ ಬೀರುಗಳನ್ನು ತೆರೆಯಿಸಿದ ಕೀರ್ತಿ ಆಸ್ಟ್ರೇಲಿಯಾದ ವಾರನ್ ಟೂಮಿ ಅವರಿಗೆ ಸಲ್ಲತಕ್ಕದ್ದು. 1990ರ ದಶಕದಲ್ಲಿ ಅವರು ಆರಂಭಿಸಿದ ಸಂಘವು ಹಳೆಯ ಸುರುಳಿಗಳನ್ನು ಬೇಡಿ ತಂದು ಒಂದೆಡೆ ಕೂಡಿಸಿತು. ಆಗ ಸ್ವಾಮ್ಯವನ್ನು ಹೊಂದಿದ್ದ ಕಂಪೆನಿಯು 1998ರಲ್ಲಿ 100 ಡಾಲರುಗಳಿಗೆ ಪ್ರಾಚೀನ ಯೂನಿಕ್ಸಿನ ಪರವಾನಗಿಯನ್ನು ಕೊಡಲೊಪ್ಪಿತು. 2002ರಲ್ಲಿ ಕಾಲ್ಡೆರಾ ಸಂಸ್ಥೆಯು ಆ ಶುಲ್ಕವನ್ನೂ ತೊರೆದು ಎಲ್ಲರಿಗೂ ಮುಕ್ತಗೊಳಿಸಿತು. ಅತ್ಯಂತ ಹಳೆಯ ಆವೃತ್ತಿಯೊಂದರ ತಿರುಳು ಸುರುಳಿಯಲ್ಲಿ ಸಿಗದೆ ಕಾಗದದ ಮೇಲಿನ ಮುದ್ರಣದಲ್ಲಿ ಮಾತ್ರ ಉಳಿದಿದ್ದಾಗ, ಆ ಹಾಳೆಗಳನ್ನು ಅಕ್ಷರಕ್ಕಕ್ಷರ ಪರಿಶೀಲಿಸಿ 2008ರಲ್ಲಿ ಅದನ್ನು ಮತ್ತೆ ನಡೆಯುವಂತೆ ಮಾಡಿದುದು ಶಾಸನಗಳನ್ನು ಓದಿದವರ ಶ್ರದ್ಧೆಗೆ ಸಾಟಿಯಾದ ಕಾರ್ಯ.

ಸಂಕೇತ ದೊರೆತರಾಯಿತೆ? ಅದನ್ನು ನಡೆಸುವ ಯಂತ್ರಗಳು ತುಕ್ಕು ಹಿಡಿದಿದ್ದುವು. 1995ರಲ್ಲಿ ಜೆಫ್ ರಾಥೆನ್‌ಬರ್ಗ್ ಅವರು, ಹಳೆಯ ದಾಖಲೆ ಓದಿಸಿಕೊಳ್ಳಬೇಕಾದರೆ ಹಳೆಯ ಯಂತ್ರವನ್ನು ಹೊಸ ಯಂತ್ರದೊಳಗೆ ಅನುಕರಿಸುವುದೇ ದಾರಿಯೆಂದು ಪ್ರತಿಪಾದಿಸಿದರು. ಅದಕ್ಕೆ ಮುನ್ನವೇ ಬಾಬ್ ಸಪ್ನಿಕ್ ಅವರು ಕೈಗೆತ್ತಿಕೊಂಡಿದ್ದ ಸಿಮ್‌ಎಚ್ ಎಂಬ ಎಮ್ಯುಲೇಟರು ಆ ಮಾತಿಗೆ ಪ್ರತ್ಯಕ್ಷ ಪ್ರಮಾಣವಾಯಿತು. ಯೂನಿಕ್ಸಿಗೆ ಪ್ರೇರಣೆಯಾಗಿದ್ದ ಮಲ್ಟಿಕ್ಸ್ ವ್ಯವಸ್ಥೆಯ ಕೊನೆಯ ಯಂತ್ರವು 2000ದ ಅಕ್ಟೋಬರ್ 30ರಂದು ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿ ನಿಂತುಹೋಗಿತ್ತು. 2007ರಲ್ಲಿ ಅದರ ಸಂಕೇತ ಬಿಡುಗಡೆಯಾಗಿ, ಮುಂದೆ ಎಮ್ಯುಲೇಟರಿನೊಳಗೆ ಅದೂ ಎಚ್ಚತ್ತಿತು.

ಮನೆಮನೆಯ ಗಣಕಗಳ ಕಥೆ ಹೀಗೆ ನಡೆಯಲಿಲ್ಲ. ಎಂಎಸ್-ಡಾಸ್‌ನ ಆದಿಮ ಆವೃತ್ತಿಗಳ ಸಂಕೇತವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2014ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದ ಮೂಲಕ ಪ್ರಕಟಿಸಿದುದು ಸಂತೋಷದ ಸಂಗತಿಯೇ ಸರಿ. ಆದರೆ ವಿಂಡೋಸ್ 98ರ ಕಾಲದಿಂದ ತಿದ್ದುಪಡಿಗಳು ಫ್ಲಾಪಿ, ಸಿ.ಡಿ.ಗಳ ಹಾದಿಯನ್ನು ಬಿಟ್ಟು ಜಾಲದ ಮೂಲಕ ನೇರವಾಗಿ ಯಂತ್ರದೊಳಕ್ಕೆ ಹರಿಯತೊಡಗಿದುವು. ಹೊಲಗಳಿಗೆಲ್ಲ ನೀರು ಹಾಯುತ್ತಿತ್ತು. ಒರತೆ ಮಾತ್ರ ಒಂದೇ. 2001ರ ಅಕ್ಟೋಬರಿನಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯು ಮೂರು ಸರ್ವಿಸ್ ಪ್ಯಾಕುಗಳನ್ನೂ ಅಸಂಖ್ಯ ಚಿಕ್ಕ ತೇಪೆಗಳನ್ನೂ ಪಡೆದು, 2014ರ ಏಪ್ರಿಲ್ 8ರಂದು ಅಧಿಕೃತ ಆಶ್ರಯವನ್ನು ಕಳೆದುಕೊಂಡಿತು. ಹಾಗಿದ್ದೂ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಲೋಕವನ್ನೆಲ್ಲ ಆವರಿಸಿದಾಗ, ಸಂಸ್ಥೆಯು ಆ ಮುದಿ ವ್ಯವಸ್ಥೆಗೂ ಒಂದು ತೇಪೆಯನ್ನು ಕಳುಹಿತು. ಎಕ್ಸ್‌ಪಿಯ ಚರಿತ್ರೆಯನ್ನು ಬರೆಯುವವನಿಗೆ ಆ ತಡವಾದ ತೇಪೆಯು ಮೊದಲ ಸಿ.ಡಿ.ಯಷ್ಟೇ ಬೆಲೆಯುಳ್ಳದ್ದು.

2020ರ ಆಗಸ್ಟಿನಲ್ಲಿ, ಷಾ-1 ಎಂಬ ಹಳೆಯ ಸಹಿಪದ್ಧತಿಯು ಸುರಕ್ಷಿತವಲ್ಲವೆಂಬ ಕಾರಣದಿಂದ, ಆ ಸಹಿಯನ್ನು ಹೊತ್ತ ಕಡತಗಳನ್ನು ಸಂಸ್ಥೆಯು ತನ್ನ ಡೌನ್‌ಲೋಡ್ ಕೇಂದ್ರದಿಂದ ತೆಗೆದುಹಾಕಿತು. ಕಾರಣ ನ್ಯಾಯವಾದುದೇ, ಪರಿಣಾಮವಾದರೋ, ಹಳೆಯ ವ್ಯವಸ್ಥೆಗಳಿಗೆ ಬೇಕಾದ ಎಷ್ಟೋ ಕಡತಗಳು ತಮ್ಮ ಮೂಲಸ್ಥಾನದಿಂದ ಮರೆಯಾದುವು. ಅಷ್ಟರಲ್ಲಿ ಇಂಟರ್‌ನೆಟ್ ಆರ್ಕೈವಿನಂಥ ಭಂಡಾರಗಳೂ ಹವ್ಯಾಸಿಗಳೂ ನಕಲು ತೆಗೆದಿಟ್ಟುದಷ್ಟು ದಕ್ಕಿತು. ಲೆಗಸಿ ಅಪ್‌ಡೇಟ್ ಎಂಬ ಹವ್ಯಾಸಿಗಳ ಯೋಜನೆಯು ಕಡತಗಳನ್ನು ಕೂಡಿಡುವುದಕ್ಕೆ ನಿಲ್ಲದೆ, ಹಳೆಯ ವಿಂಡೋಸಿನ ಅಪ್‌ಡೇಟ್ ಪುಟವೇ ಮತ್ತೆ ಕೆಲಸಮಾಡುವಂತೆ ಮಾಡಿಕೊಟ್ಟಿದೆ. ಪದಾರ್ಥದೊಡನೆ ಅದು ಬರುತ್ತಿದ್ದ ವಿಧಾನವನ್ನೂ ಉಳಿಸಿದ ಈ ಸಾಹಸವನ್ನು ನಾನು ಈ ಕ್ಷೇತ್ರದ ನಿಜವಾದ ಹೊಸ ಹೆಜ್ಜೆಯೆಂದು ಎಣಿಸುತ್ತೇನೆ. ಕಾನೂನಿನ ನೆರವು ಮಂದಗತಿಯದು: ಪ್ರತಿರಕ್ಷೆಯನ್ನು ಭೇದಿಸಿ ನಕಲು ಮಾಡುವುದಕ್ಕೆ ಅಮೆರಿಕದಲ್ಲಿ 2003ರಲ್ಲಿ ಪರಿಮಿತವಾದ ವಿನಾಯಿತಿಯೊಂದು ದೊರೆತು, 2018ರಲ್ಲಿ ಗ್ರಂಥಾಲಯಗಳಿಗಾಗಿ ಅದು ಇನ್ನಷ್ಟು ವಿಸ್ತರಿಸಿತು.

ಕನ್ನಡಿಗರಿಗೂ ಈ ವಿಷಯವು ದೂರದ್ದಲ್ಲ. ಬರಹ, ನುಡಿಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಲೇಖನಗಳು ಯೂನಿಕೋಡನ್ನಷ್ಟೇ ಬಲ್ಲ ಇಂದಿನ ಯಂತ್ರದಲ್ಲಿ, ಆ ಫಾಂಟುಗಳಿಲ್ಲದೆ ತೆರೆದರೆ, ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ಕಾಣುತ್ತವೆ. ಯೂನಿಕೋಡಿನ ಕನ್ನಡಕ್ಕೆ ವಿಂಡೋಸಿನಲ್ಲಿ ಮೊದಲು ನೆಲೆಯಾದುದು ಎಕ್ಸ್‌ಪಿ. ತುಂಗಾ ಎಂಬ ಫಾಂಟು ಅದರೊಡನೆಯೇ ಬಂದಿತು. ಅಕ್ಷರಕ್ಕೆ ಒತ್ತನ್ನು ಜೋಡಿಸುವ ಯೂನಿಸ್ಕ್ರೈಬ್ ಎಂಬ ಅಂಗವಾದರೋ ಪರಿಷ್ಕರಣಗಳೊಡನೆ ಬದಲಾಗುತ್ತ ಬಂದುದರಿಂದ, ಕನ್ನಡದ ಒತ್ತಕ್ಷರವು ತೆರೆಯ ಮೇಲೆ ಮೊದಲು ಹೇಗೆ ಮೂಡಿತು, ಅನಂತರ ಹೇಗೆ ತಿದ್ದಿಕೊಂಡಿತು ಎಂಬುದನ್ನು ನೋಡಬಯಸುವವರು ಎಕ್ಸ್‌ಪಿಯ ಮೊದಲ ಪ್ರತಿಯನ್ನೂ ಅದರ ಸರ್ವಿಸ್ ಪ್ಯಾಕುಗಳನ್ನೂ ಒಂದರ ಪಕ್ಕದಲ್ಲೊಂದಿಟ್ಟು ಓಡಿಸಿ ನೋಡಬೇಕಾಗುತ್ತದೆ.