ಕಡಲಿಗೆ ಅಂಜುವ ಹಡಗು

ರಜೆಯಲ್ಲಿ ಅಂಕೋಲೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ನನ್ನ ಮೇಜಿನ ಮೇಲೆ ಆಟಿಕೆಯೊಂದನ್ನಿಟ್ಟು, “ಇದೇನು ಹೇಳಿ ಸರ್” ಎಂದನು. ನೋಡಿದರೆ ವಿಮಾನವಾಹಕ ಹಡಗು. ಅವನು ಅದನ್ನು ಮಡಚಿ ತಿರುವಿದಾಗ ಜೆಟ್ ವಿಮಾನವಾಯಿತು. ಮತ್ತೊಮ್ಮೆ ತಿರುವಿದಾಗ ಕೊಡಲಿ ಹಿಡಿದ ಯಂತ್ರಮಾನವ. ಹೆಸರು ಬ್ರಾಡ್‌ಸೈಡ್.

ಇಂಥ ಆಟಿಕೆಗಳ ತವರು ಜಪಾನು. ಅಲ್ಲಿನ ಟಕಾರಾ ಕಂಪನಿಯು 1980ರಲ್ಲಿ ಡಯಾಕ್ಲೋನ್ ಎಂಬ ಸರಣಿಯನ್ನು ಹೊರತಂದಿತು. ಆ ಬಗೆಯ ಆಟಿಕೆಗಳನ್ನು ಅಮೆರಿಕದ ಹ್ಯಾಸ್‌ಬ್ರೋ ಕಂಪನಿಯು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಿಂದ ಮಾರತೊಡಗಿತು. ಮಗುವಿಗೆ ಗೊಂಬೆಯ ಗುಣವೂ ತಿಳಿಯಬೇಕಲ್ಲವೇ? ಮಾರ್ವೆಲ್ ಕಾಮಿಕ್ಸ್‌ನ ಬಾಬ್ ಬುಡಿಯಾನ್‌ಸ್ಕಿ ಎಂಬವರು ಹೆಚ್ಚಿನ ಪಾತ್ರಗಳಿಗೆ ಹೆಸರು, ಸ್ವಭಾವಗಳನ್ನು ಬರೆದುಕೊಟ್ಟರು. ನಮ್ಮ ಯಕ್ಷಗಾನದ ವೇಷಗಳಂತೆ ಇಲ್ಲಿಯೂ ಎಲ್ಲರಿಗೂ ಒಂದೇ ಮನ್ನಣೆಯಿಲ್ಲ. ಆಪ್ಟಿಮಸ್ ಪ್ರೈಮ್ ಲೋಕಪ್ರಸಿದ್ಧನಾದ. 1986ರಲ್ಲಿ ಬಂದ ಬ್ರಾಡ್‌ಸೈಡ್‌ನನ್ನು ಸಂಗ್ರಾಹಕರಷ್ಟೇ ಬಲ್ಲರು.

ಅವನ ಸ್ವಭಾವವೇ ವಿಚಿತ್ರ. ಹಡಗಾದರೆ ಕಡಲಬೇನೆ, ವಿಮಾನವಾದರೆ ಎತ್ತರದ ಭಯ. ಗಟ್ಟಿನೆಲವೊಂದೇ ಅವನಿಗೆ ಹಿತ. ಇದನ್ನು ಕೇಳಿ ನಾನು ನಕ್ಕೆನು.

ಆದರೆ 1986 ಎಂದೊಡನೆ ನನಗೆ ಬೇರೊಂದು ನೆನಪಾಯಿತು. ಆ ವರ್ಷದ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಕೆಲಸ ನಿಧಾನವಾಗಿ ಸಾಗಿ, ಐ.ಎನ್.ಎಸ್. ಕದಂಬ ನೆಲೆಯು 2005ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. 2014ರ ಜನವರಿಯಲ್ಲಿ ನಿಜವಾದ ವಿಮಾನವಾಹಕವೇ ಬಂದಿತು: ರಷ್ಯಾದಿಂದ ಕೊಂಡ, 284 ಮೀಟರ್ ಉದ್ದದ ವಿಕ್ರಮಾದಿತ್ಯ. ದೇಶಕ್ಕೆ ಅದು ಬೇಕಾಗಿತ್ತು, ನಾನು ಅಲ್ಲಗಳೆಯುವುದಿಲ್ಲ.

ಆ ನೆಲೆಗಾಗಿ ಅರ್ಗಾ ಮೊದಲಾಗಿ ಕಾರವಾರ, ಅಂಕೋಲೆ ತಾಲೂಕುಗಳ ಕಡಲಂಚಿನ ಎಷ್ಟೋ ಕುಟುಂಬಗಳು ಮನೆ, ತೆಂಗಿನ ತೋಟ, ದೋಣಿ ನಿಲ್ಲುವ ದಂಡೆಗಳನ್ನು ಬಿಟ್ಟು ಎದ್ದವು. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ‘ನಿರಾಶ್ರಿತರ ಕಾಲೊನಿ’ ಎಂಬುದು ನಮ್ಮಲ್ಲಿ ವಿಳಾಸವೇ ಆಗಿಬಿಟ್ಟಿತು. ನಾನಾಗ ಮಕ್ಕಳ ವರ್ಗಾವಣೆ ಪತ್ರಗಳನ್ನು ಬರೆಯುತ್ತಿದ್ದೆನು. ‘ಶಾಲೆ ಬಿಡಲು ಕಾರಣ’ ಎಂಬ ಕಲಮಿನಲ್ಲಿ ‘ಸ್ಥಳಾಂತರ’ ಎಂದೇ ಮತ್ತೆ ಮತ್ತೆ ಬರೆದು ಕೈ ಸೋತಿತ್ತು.

ಈ ಹುಡುಗನ ಪತ್ರವನ್ನೂ ನಾನೇ ಬರೆದಿದ್ದೆ. ಅವನಿಗೆ ಅದು ನೆನಪಿದೆಯೇ ಎಂದು ಕೇಳಿದೆನು. “ದಂಡೆಯ ಮರಳು ನೆನಪಿದೆ ಸರ್, ಪತ್ರ ನೆನಪಿಲ್ಲ” ಎಂದು, ಆಟಿಕೆಯನ್ನು ತಿರುಗಿ ಹಡಗು ಮಾಡಲು ತೊಡಗಿದನು.