ಜೋಡಣೆ

‘ಜೋಡೆತ್ತು’ ಎಂಬಲ್ಲಿರುವ ‘ಜೋಡು’ ಪದಕ್ಕೆ ‘ಅಣೆ’ ಪ್ರತ್ಯಯ ಸೇರಿ ಸಿದ್ಧವಾದ ಈ ನಾಮಪದಕ್ಕೆ, ಒಬ್ಬ ವ್ಯಕ್ತಿಗೆ ಸಂಬಂಧಿಸಿದ ಬೇರೆ ಬೇರೆ ದಾಖಲೆಗಳನ್ನು ಒಂದೇ ಗುರುತಿನಡಿ ಬೆಸೆಯುವುದು ಎಂಬ ಪಾರಿಭಾಷಿಕ ಅರ್ಥ ಇಂದು ನೆಲೆಗೊಂಡಿದೆ. ಕರ್ನಾಟಕದ ಭೂದಾಖಲೆಗಳ ‘ಭೂಮಿ’ ತಂತ್ರಾಂಶದಲ್ಲಿರುವ ಪಹಣಿ, ಎಂದರೆ ಜಮೀನಿನ ಹಕ್ಕು, ಗೇಣಿ, ಬೆಳೆಗಳ ವಿವರವುಳ್ಳ ಪತ್ರಿಕೆ, 2024ರಲ್ಲಿ ರಾಜ್ಯದಾದ್ಯಂತ ಆಧಾರ್‌ನೊಂದಿಗೆ ಜೋಡಣೆಯಾಗತೊಡಗಿದಾಗ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ರೈತರಿಗೂ ಈ ಪದ ಪರಿಚಿತವಾಯಿತು. ಪಹಣಿಯ ‘ಮುನಿಯಪ್ಪ’ ಮತ್ತು ಆಧಾರ್‌ನ ‘ಮುನಿಯಪ್ಪ ಎನ್.’ ಒಬ್ಬರೇ ಎಂದು ಖಚಿತಪಡಿಸಿಕೊಳ್ಳುವುದೇ ಈ ಜೋಡಣೆಯ ಹುರುಳು. ಖಾಸಗಿತನದ ಕ್ಷೇತ್ರದಲ್ಲೂ ಈ ಪದ ಸಲ್ಲುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಮ್ಮತಿ ನೀಡಿದವರಿಗೆ ದತ್ತಾಂಶವನ್ನು ತಿದ್ದಿಸುವ, ಅಳಿಸುವ ಹಕ್ಕಿಗೆ ಅವಕಾಶ ಕಲ್ಪಿಸಿದೆ; ಖಾಸಗಿತನ ನಿರ್ವಹಣೆಯ ತಂತ್ರಾಂಶದಲ್ಲಿ ಸಮ್ಮತಿ, ಕೋರಿಕೆ, ಸಂಗ್ರಹಗಳ ದಾಖಲೆಗಳು ಜೋಡಣೆಗೊಂಡಿದ್ದರೆ ಒಂದೆಡೆಯ ತಿದ್ದುಪಡಿಯನ್ನು ಎಲ್ಲೆಡೆ ತಲುಪಿಸಬಹುದು. ಉದ್ದೇಶ ಮೀರಿದ ಜೋಡಣೆಯಾದರೋ ಕಾಯಬೇಕಾದ ಖಾಸಗಿತನವನ್ನೇ ಬಯಲಾಗಿಸುತ್ತದೆ.