ಧಾರ್ಮಿಕ ಉಡುಗೆಗೆ ನಿಷೇಧ: ಫ್ರಾನ್ಸಿನ ಕಾನೂನು, ಕರ್ನಾಟಕದ ಆದೇಶ, ನಮ್ಮ ಶಾಲೆಗಳು

ಸರ್ಕಾರಿ ಶಾಲೆಗಳಲ್ಲಿ ವಿದ್ಯಾರ್ಥಿಗಳು ಧರ್ಮವನ್ನು ಎದ್ದು ತೋರಿಸುವ ಚಿಹ್ನೆ ಅಥವಾ ಉಡುಗೆ ತೊಡುವುದನ್ನು ಫ್ರಾನ್ಸ್ 2004ರ ಮಾರ್ಚ್ 15ರ ಕಾನೂನಿನ ಮೂಲಕ ನಿಷೇಧಿಸಿತು. ಮುಸ್ಲಿಂ ಬಾಲಕಿಯರ ತಲೆವಸ್ತ್ರ, ಯೆಹೂದಿಗಳ ಟೋಪಿಯ ಜೊತೆಗೆ ದೊಡ್ಡ ಗಾತ್ರದ ಶಿಲುಬೆಯೂ ಇದರಲ್ಲಿ ಸೇರಿತು. ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವ ಉಡುಗೆಗೆ ಅಲ್ಲಿ 2011ರಿಂದ ನಿಷೇಧವಿದೆ. ಬೆಲ್ಜಿಯಂ, ಆಸ್ಟ್ರಿಯಾ, ಡೆನ್ಮಾರ್ಕ್ ಇದೇ ದಾರಿ ಹಿಡಿದವು. ಸ್ವಿಟ್ಜರ್ಲೆಂಡಿನಲ್ಲಿ 2021ರ ಜನಮತದಂತೆ 2025ರ ಜನವರಿ 1ರಂದು ನಿಷೇಧ ಜಾರಿಗೆ ಬಂತು.

ಇದು ಬೇರೆಯವರ ಪಾಡು ಎಂದು ಕಥೋಲಿಕರು ಸುಮ್ಮನಿರುವಂತಿಲ್ಲ. ಪ್ಯಾರಿಸ್ ಪಕ್ಕದ ಲ ಕ್ರೆಮ್ಲಿನ್-ಬಿಸೆತ್ರ್ ಪಟ್ಟಣದ ಮೇಯರ್ 1900ರಲ್ಲಿ ಗುರುಗಳ ನಿಲುವಂಗಿಯನ್ನೇ ಬೀದಿಯಿಂದ ನಿಷೇಧಿಸಿದ್ದರು. 1905ರಲ್ಲಿ ಸಂಸತ್ತಿಗೂ ಅಂಥ ತಿದ್ದುಪಡಿ ಬಂತು. ಅದನ್ನು ವಿರೋಧಿಸಿದವರು ಧರ್ಮಸಭೆಯ ಮಿತ್ರರಲ್ಲ, ಧರ್ಮಸಭೆಯನ್ನೂ ರಾಜ್ಯವನ್ನೂ ಬೇರ್ಪಡಿಸುವ ಮಸೂದೆಯ ಹೊಣೆ ಹೊತ್ತಿದ್ದ ಅರಿಸ್ತೀದ್ ಬ್ರಿಯಾಂ. ನಿಲುವಂಗಿ ನಿಷೇಧಿಸಿದರೆ ಗುರುಗಳೂ ದರ್ಜಿಗಳೂ ಸೇರಿ ಇನ್ನೊಂದನ್ನು ಹೊಲಿಯುತ್ತಾರೆ ಎಂಬುದು ಅವರ ವಾದ! ತಿದ್ದುಪಡಿ ಬಿದ್ದುಹೋಯಿತು. ಹಾಗೆಂದು ನಿಷೇಧ ಹೇರಿದವರು ಬರೀ ಪರರಲ್ಲ. 1736ರಲ್ಲಿ ಗೋವಾದ ಇನ್‌ಕ್ವಿಸಿಶನ್, ಕ್ರೈಸ್ತ ಗಂಡಸರು ಧೋತರವನ್ನೂ ಹೆಂಗಸರು ಚೋಳಿಯನ್ನೂ ತೊಡಬಾರದೆಂದು ಆಜ್ಞೆ ಹೊರಡಿಸಿತ್ತು.

ನಮ್ಮ ರಾಜ್ಯದಲ್ಲಿ, ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ವಿವಾದ ಎದ್ದ ಮೇಲೆ ಸರ್ಕಾರ 2022ರ ಫೆಬ್ರವರಿ 5ರಂದು ಸಮವಸ್ತ್ರದ ಆದೇಶ ಹೊರಡಿಸಿತು. ಸರ್ಕಾರಿ ಶಾಲೆಗೆ ಸರ್ಕಾರ, ಪದವಿಪೂರ್ವ ಕಾಲೇಜಿಗೆ ಅದರ ಅಭಿವೃದ್ಧಿ ಸಮಿತಿ, ಖಾಸಗಿ ಶಾಲೆಗೆ ಅದರ ಆಡಳಿತ ಮಂಡಳಿ ನಿಗದಿಪಡಿಸಿದ್ದೇ ಸಮವಸ್ತ್ರ. ಉಡುಪಿಯಲ್ಲಿ ಎದ್ದ ವಿವಾದದ ಆದೇಶ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಗೂ ಅನ್ವಯಿಸಿತು. ಅಂದರೆ ಅಲ್ಲಿನ ಕಾನ್ವೆಂಟಿನ ಬಾಗಿಲಲ್ಲಿ ತಲೆವಸ್ತ್ರ ತೊಟ್ಟು ನಿಂತ ಬಾಲಕಿಗೆ ಉತ್ತರ ಹೇಳಬೇಕಾದವರು ಶಿಕ್ಷಣಾಧಿಕಾರಿಯಲ್ಲ, ಧರ್ಮಭಗಿನಿಯರು. ತಾವೂ ತಲೆಗೆ ವಸ್ತ್ರ ಹೊದೆಯುವವರು.

ಆ ಆದೇಶ ಆಧಾರವಾಗಿ ಎತ್ತಿಕೊಂಡ ತೀರ್ಪುಗಳಲ್ಲಿ ಒಂದು ಕೇರಳ ಹೈಕೋರ್ಟಿನ 2018ರ ತೀರ್ಪು. ಅದು ತಿರುವನಂತಪುರದ ಕಥೋಲಿಕ ಶಾಲೆಯಾದ ಕ್ರೈಸ್ಟ್ ನಗರ್ ಶಾಲೆಯ ಮೊಕದ್ದಮೆ. ಅಲ್ಲಿ ಗೆದ್ದದ್ದು ಆಡಳಿತ ಮಂಡಳಿಯ ಹಕ್ಕು. ಖಾಸಗಿ ಸಂಸ್ಥೆಯ ಆ ಹಕ್ಕನ್ನು ಸರ್ಕಾರ ತನ್ನ ಅಧಿಕಾರಕ್ಕೆ ಊರುಗೋಲಾಗಿ ಬಳಸಿದ್ದು ಸರಿಯೆನಿಸುವುದಿಲ್ಲ.

ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಆದೇಶವನ್ನು ಎತ್ತಿಹಿಡಿಯಿತು (ಫ್ರಾನ್ಸಿನ ಕಾನೂನಿನ ತಾರೀಖೇ, ಕಾಕತಾಳೀಯ). ಸುಪ್ರೀಂ ಕೋರ್ಟಿನಲ್ಲಿ ಅದೇ ಅಕ್ಟೋಬರ್ 13ರಂದು ಭಿನ್ನ ತೀರ್ಪು ಬಂತು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರಿಗೆ ಮುಖ್ಯವಾಗಿ ಕಂಡದ್ದು ಬಾಲಕಿಯ ಓದು: ಹಳ್ಳಿಗಳಲ್ಲಿ ಮನೆಗೆಲಸ ಮುಗಿಸಿ ಶಾಲೆಗೆ ಬರುವವಳ ದಾರಿಗೆ ಇನ್ನೊಂದು ಅಡ್ಡಿ ಏಕೆ? ಹನೂರಿನ ಕಾಡಂಚಿನ ಊರುಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಲು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು.

2023ರ ಡಿಸೆಂಬರ್ 22ರಂದು ನಂಜನಗೂಡು ತಾಲ್ಲೂಕಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ನಿಷೇಧ ವಾಪಸು ಪಡೆಯುವುದಾಗಿ ಹೇಳಿದರು. ಮರುದಿನವೇ, ಇನ್ನೂ ಆಲೋಚಿಸುತ್ತಿದ್ದೇವೆ ಎಂದರು.

ಕೇಂದ್ರೀಯ ವಿದ್ಯಾಲಯಗಳಲ್ಲಿ ಸಮವಸ್ತ್ರದ ಬಣ್ಣದ್ದೇ ತಲೆವಸ್ತ್ರಕ್ಕೆ ಅವಕಾಶವಿದೆಯೆಂದು ಅರ್ಜಿದಾರರು ಹೈಕೋರ್ಟಿನಲ್ಲಿ ತೋರಿಸಿದ್ದರು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆದರೆ ತಮ್ಮ ಸಮವಸ್ತ್ರವನ್ನು ತಾವೇ ನಿಗದಿಪಡಿಸುವ ನಮ್ಮ ಆಡಳಿತ ಮಂಡಳಿಗಳು ಮುಂದಿನ ಪ್ರವೇಶಕ್ಕೆ ಮೊದಲು ಅದನ್ನು ಚರ್ಚೆಗೆ ಎತ್ತಿಕೊಳ್ಳಬಹುದು.